ಎರಡು ಅರ್ಧ ಗಾಡಿ

ಕನಕಪುರ ಬಿಡುವಾಗಲೇ ಅಪ್ಪನ ಮುಖ ದಪ್ಪಗಾಗಿತ್ತು. ಹಿಂದಿನ ದಿನ ನಮ್ಮ ಹಳೆಯ ಅಂಬಾಸಿಡರ್ ಕಾರಿನ ನೋಂದಣಿ ನವೀಕರಿಸಲು ರಾಮನಗರದ ಸಾರಿಗೆ ಕಚೇರಿಗೆ ಹೋಗಿದ್ದೆವು. ಅಲ್ಲಿನ ಅಧಿಕಾರಿ ಬಾನೆಟ್ ಎತ್ತಿಸಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದರು. ಅದು ಆರ್‌ಸಿಯಲ್ಲಿದ್ದ ನಂಬರಿಗೆ ಸರಿಹೋಯಿತು. ಎಂಜಿನ್ ನಂಬರಿನ ಅಚ್ಚು ತೆಗೆದರೆ, ಅದು ಬೇರೆಯೇ.

"ಈ ಎಂಜಿನ್ ಯಾವ ಗಾಡೀದಮ್ಮ? ಅದರ ಯಜಮಾನರು ಬಂದು ರುಜು ಹಾಕಬೇಕು. ಇಲ್ದಿದ್ರೆ ತಿಂಗಳು ಮುಗಿದ ಮೇಲೆ ಇದನ್ನ ರೋಡಿಗೆ ಇಳಿಸೋ ಹಾಗಿಲ್ಲ" ಎಂದರು.

ನನಗೆ ನಿಂತಲ್ಲೇ ಮೈ ಉರಿಯಿತು. ತಾತ ತನ್ನ ಇಬ್ಬರು ಗಂಡುಮಕ್ಕಳಿಗೆಂದು ಒಟ್ಟಿಗೇ ತಂದ ಎರಡು ಬಿಳಿ ಡೀಸೆಲ್ ಕಾರುಗಳಲ್ಲಿ ಇದೊಂದು. ಫ್ಯಾಕ್ಟರಿಯಿಂದ ಬಂದ ಒಂದು ಬೋಲ್ಟೂ ಬದಲಾಗಿಲ್ಲ ಎಂದು ಕಂಡಕಂಡವರ ಮುಂದೆಲ್ಲ ಕೊಚ್ಚಿಕೊಂಡವಳು ನಾನು. ಇನ್ನೊಂದು ಕಾರು ತಿಪ್ಪಸಂದ್ರದ ಚಿಕ್ಕಪ್ಪನ ಪಾಲಿಗೆ ಹೋಗಿತ್ತು. ಐದು ವರ್ಷದ ಹಿಂದೆ ಆಸ್ತಿ ಭಾಗವಾದಾಗಿನಿಂದ ಅಪ್ಪನಿಗೂ ಚಿಕ್ಕಪ್ಪನಿಗೂ ಮಾತಿಲ್ಲ, ಹೋಗಿಬರುವುದಿಲ್ಲ.

"ಯಾವನೋ ಗ್ಯಾರೇಜ್‌ನೋನು ಎಡವಟ್ಟು ಮಾಡವ್ನೆ ಕಣವ್ವ" ಎಂದು ಅಪ್ಪ ಹೇಳಿದ್ದನ್ನು ನಂಬಿ ಗ್ಯಾರೇಜುಗಳ ಬೆನ್ನು ಹತ್ತಿದೆ.

ರಾಮನಗರ ತಲುಪುವಷ್ಟರಲ್ಲಿ ಬಿಸಿಲೇರಿತ್ತು. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಗ್ಯಾರೇಜಿನವನು, "ನಾವು ಬ್ರೇಕು, ಕ್ಲಚ್ಚು ಮಾತ್ರ ನೋಡಿರೋದು. ಎಂಜಿನ್ ಬಿಚ್ಚಿದ್ರೆ ಚನ್ನಪಟ್ಟಣದ ಅನ್ವರಣ್ಣನೇ ಬಿಚ್ಚಿರ್ಬೇಕು" ಎಂದ. ಅನ್ವರಣ್ಣನ ಹೆಸರು ಕಿವಿಗೆ ಬಿದ್ದದ್ದೇ ತಡ, ಅಪ್ಪನಿಗೆ ಹಸಿವಾಯಿತು. ಇಡ್ಲಿ ತಿಂದರು, ಮೇಲೆ ಖಾಲಿ ದೋಸೆ ತಿಂದರು. ಆಮೇಲೆ ದೊಡ್ಡಮಳೂರಿನ ಅಪ್ರಮೇಯ ಸ್ವಾಮಿಯ ದರ್ಶನ ಮಾಡಲೇಬೇಕೆಂದು ಹಟ ಹಿಡಿದರು. ಹಬ್ಬದ ದಿನವೂ ದೇವಸ್ಥಾನದ ಹೊರಗೆ ನಿಂತು ಚಪ್ಪಲಿ ಕಾಯುವ ಮನುಷ್ಯ! ಚನ್ನಪಟ್ಟಣ ದಾಟಿ ಹೋದೆವು. ಬಾಗಿಲು ಹಾಕಿತ್ತು, ಸಂಜೆಗೇ ತೆಗೆಯುವುದಂತೆ. "ಕಾಯೋಣ" ಎಂದರು. ನಾನು ಗಾಡಿ ತಿರುಗಿಸಿದೆ.

ಚನ್ನಪಟ್ಟಣದಲ್ಲಿ ಬೊಂಬೆ ಅಂಗಡಿಗಳ ಸಾಲಿನ ಹಿಂದೆ ಅನ್ವರಣ್ಣನ ಗ್ಯಾರೇಜು. ಅಪ್ಪ ಕಾರಿನಿಂದ ಇಳಿಯಲಿಲ್ಲ. ನಾನು ನಂಬರಿನ ಕಥೆಯೆಲ್ಲ ಹೇಳಿ, "ಯಾರೋ ನಮಗೆ ಮೋಸ ಮಾಡಿದ್ದಾರೆ" ಎಂದೆ. ಅನ್ವರಣ್ಣ ಬಿದ್ದು ಬಿದ್ದು ನಕ್ಕರು.

"ಮೋಸ ಏನು ಬಂತಮ್ಮ! ಎರಡು ಎಂಜಿನ್ನೂ ಇಳಿಸಿ ಅದಲು ಬದಲು ಮಾಡಿದ್ದು ನಾನೇ. ನಿಮ್ಮ ತಂದೆ ಇಲ್ಲೇ ಸ್ಟೂಲ್ ಮೇಲೆ ಕೂತಿದ್ರಲ್ಲ, ಕೇಳಿ."

ವಿಷಯ ಇಷ್ಟು. ಭಾಗದ ಹೊತ್ತಿಗೆ ಒಂದು ಕಾರಿನ ಬಾಡಿಯೂ ಎಂಜಿನ್ನೂ ಎರಡೂ ಚೆನ್ನಾಗಿದ್ದವು. ಇನ್ನೊಂದರಲ್ಲಿ ಎರಡೂ ಕೆಟ್ಟಿದ್ದವು. ಚೀಟಿ ಎತ್ತುವ ಮೊದಲು ಪಾಲು ಸಮ ಇರಬೇಕೆಂಬುದು ನಮ್ಮ ಕಡೆಯ ರೂಢಿ. ಪಂಚಾಯ್ತಿಗೆ ಕೂತ ಹಿರಿಯರು ಒಳ್ಳೆಯ ಬಾಡಿಯಲ್ಲಿ ಕೆಟ್ಟ ಎಂಜಿನ್, ಕೆಟ್ಟ ಬಾಡಿಯಲ್ಲಿ ಒಳ್ಳೆಯ ಎಂಜಿನ್ ಕೂರಿಸಿ, ಆಮೇಲೆ ಚೀಟಿ ಎತ್ತಿಸಿದ್ದರು!

"ಒಂದು ಪೂರ್ತಿ ಗಾಡಿ ಇತ್ತು. ಎಲ್ಲಾ ಸೇರಿ ಎರಡು ಅರ್ಧ ಗಾಡಿ ಮಾಡಿದ್ರು" ಎಂದರು ಅನ್ವರಣ್ಣ.

ನಾನು ಕಾರಿಗೆ ಬಂದು ಬಾಗಿಲು ರಪ್ಪನೆ ಹಾಕಿಕೊಂಡೆ. ಅಪ್ಪ ಎದುರಿನ ಅಂಗಡಿಯ ಮರದ ಕುದುರೆಗಳನ್ನು ನೋಡುತ್ತ ಕೂತಿದ್ದರು.

"ನಿನ್ನೆನೇ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅವನ ಮನೆ ಬಾಗ್ಲಿಗೆ ನಡಿ ಅಂತಿದ್ದೆ."

"ಈಗ ಅಲ್ಲಿಗೇ ಹೋಗ್ತಿರೋದು."

ಮತ್ತೆ ರಾಮನಗರ, ಅಲ್ಲಿಂದ ಮಾಗಡಿ ರಸ್ತೆ. ಬಂಡೆಗಳ ನಡುವಿನ ಏರಿನಲ್ಲಿ ಪಂಚಾಯ್ತಿಯ ಚೀಟಿಯಲ್ಲಿ ನಮ್ಮ ಪಾಲಿಗೆ ಬಂದ ಕೆಟ್ಟ ಎಂಜಿನ್ ಕುದಿಯಿತು. ಇಳಿದು, ಆರಲು ಬಿಟ್ಟು, ನೀರು ಹೊಯ್ದು ಹತ್ತಿದೆವು. ಮುಂದಿನ ಏರಿನಲ್ಲಿ ಮತ್ತೆ ಕುದಿಯಿತು. ಕ್ಯಾನಿನ ನೀರೆಲ್ಲ ರೇಡಿಯೇಟರಿಗಾಗಿ, ಮಾಗಡಿ ಸೇರುವವರೆಗೆ ಗಂಟಲು ಒಣಗಿಸಿಕೊಂಡು ಕೂತೆವು.

ತಿಪ್ಪಸಂದ್ರದಲ್ಲಿ ಚಿಕ್ಕಪ್ಪ ತೋಟದಲ್ಲಿದ್ದರು. ಅವರ ಕಾರಿನ ಬಾಡಿ ತುಕ್ಕು ಹಿಡಿದು ಎಂದೋ ಗುಜರಿಗೆ ಹೋಗಿತ್ತು. ಎಂಜಿನ್ ಮಾತ್ರ ಕೃಷಿಹೊಂಡದ ದಡದಲ್ಲಿ, ತಗಡಿನ ಸೂರಿನ ಕೆಳಗೆ ಕೂತು ದಿನಾ ಸಂಜೆ ಹಿಪ್ಪುನೇರಳೆಗೆ ನೀರೆತ್ತುತ್ತಿತ್ತು. ನಾನು ಬಂದ ಕೆಲಸ ಹೇಳಿದೆ.

"ರುಜು ತಾನೆ? ನಾಳೆನೇ ಬಂದು ಆಕ್ತೀನಿ ಕಣವ್ವ. ಅಣ್ಣ ಬಂದು ಒಂದು ಮಾತು ಕೇಳ್ಲಿ" ಎಂದರು ಚಿಕ್ಕಪ್ಪ.

ಕಾರಿನ ಹತ್ತಿರ ಹೋದೆ. "ನಾನ್ಯಾಕೆ ಕೇಳ್ಲಿ? ಅವನೇನು ಕಾರ್ ತಾವ ಬಂದು ಮಾತಾಡ್ಸುದ್ನಾ?" ಎಂದರು ಅಪ್ಪ. ಹೊಂಡದ ಹತ್ತಿರ ಬಂದೆ. "ಮನೆಗೆ ಬಂದೋರು ತಾನೆ ಇಳೀಬೇಕು?" ಎಂದರು ಚಿಕ್ಕಪ್ಪ. ನಲವತ್ತು ದಾಟಿದ ನಾನು ಹಿಪ್ಪುನೇರಳೆ ಸೊಪ್ಪಿನ ಸಾಲುಗಳ ನಡುವೆ ಇಬ್ಬರು ಮುದುಕರ ಮಾತು ಹೊತ್ತುಕೊಂಡು ಓಡಾಡಿದೆ. ಕೊನೆಗೆ, "ಗಾಡಿ ಗುಜರಿಗೆ ಹೋಗ್ಲಿ, ನೀವಿಬ್ರೂ ಅದರ ಹಿಂದೆಯೇ ಹೋಗಿ" ಎಂದು ಕೂಗಿ ಬದುವಿನ ಮೇಲೆ ಕೂತುಬಿಟ್ಟೆ. ನನಗೆ ನಿಜಕ್ಕೂ ಅಳು ಬಂದಿತ್ತು.

ಚಿಕ್ಕಪ್ಪ ನೀರು ಕಟ್ಟುವ ಹೊತ್ತಾಯಿತೆಂದು ಎಂಜಿನ್ ಸ್ಟಾರ್ಟ್ ಮಾಡಿದರು. ಅದರೊಳಗೆ ಏನೋ ಟಕಟಕ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾರಿನ ಬಾಗಿಲು ತೆಗೆದ ಸದ್ದಾಯಿತು. ಅಪ್ಪ ಪಂಚೆ ಎತ್ತಿ ಕಟ್ಟಿಕೊಂಡು ದಾಪುಗಾಲು ಹಾಕುತ್ತ ಬಂದರು.

"ಲೇ, ಟ್ಯಾಪೆಟ್ ಬಡ್ಕತಾ ಐತಲ್ಲೋ, ಕಿವಿ ಕೇಳಾಕಿಲ್ವೇನ್ಲಾ ನಿಂಗೆ?"

"ಐದು ವರ್ಷದಿಂದ ಬಡ್ಕತಾನೇ ಐತೆ. ನೋಡೋರು ಯಾರು ಬಂದ್ರಣ್ಣ?"

ಅಪ್ಪ ಎಂಜಿನ್ ಆಫ್ ಮಾಡಿ, "ಸ್ಪ್ಯಾನರ್ ಕೊಡು" ಎಂದರು.

ಅವರು ಟ್ಯಾಪೆಟ್ ಬಿಗಿ ಮಾಡುವಾಗ ಸಂದಿಯಲ್ಲಿ ಕೈ ತೂರಿಸಿ, ಕೈ ಸುಟ್ಟುಕೊಂಡು, ನಾನು ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆದೆ. ಆರ್‌ಸಿಯಲ್ಲಿದ್ದದ್ದು ಅದೇ ನಂಬರು.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ರುಜು ಹಾಕಲು ನಮ್ಮ ಜೊತೆಗೇ ಹೊರಟರು. ಅದೇ ಏರಿನಲ್ಲಿ ಗಾಡಿ ಕುದಿಯಿತು. ಇಬ್ಬರೂ ಇಳಿದರು.

"ಆ ಎಂಜಿನ್ ನಿಂದೇ ಕಣಣ್ಣ, ತಕ್ಕೊಂಡೋಗು."

"ಸೊಪ್ಪಿಗೆ ನೀರು ನಮ್ಮಪ್ಪ ಬಂದು ಹೊಯ್ತಾನಾ? ಇದ್ದಂಗೇ ಇರ್ಲಿ. ಪತ್ರದಾಗೆ ನಂಬರು ತಿದ್ದುಸ್ಕಂಡ್ರಾಯ್ತು."

ಇನ್ನು ಮೇಲೆ ಫ್ಯಾಕ್ಟರಿಯಿಂದ ಬಂದ ಹಾಗೇ ಇದೆ ಎಂದು ಯಾರ ಮುಂದೆಯೂ ಕೊಚ್ಚಿಕೊಳ್ಳುವಂತಿಲ್ಲ. ಎಂಜಿನ್ ಆರಿ ಎಷ್ಟೋ ಹೊತ್ತಾದರೂ ಬಾನೆಟ್ಟಿನ ಹಿಂದೆ ಮಾತು ನಡೆದೇ ಇತ್ತು. ಕಚೇರಿಗೆ ಹೊತ್ತಾಗುತ್ತದೆಂದು ಹಾರ್ನ್ ಬಾರಿಸಿದರೆ, "ಬತ್ತೀವಿ ಇರವ್ವ" ಎಂದು ಇಬ್ಬರೂ ಒಟ್ಟಿಗೇ ನನ್ನನ್ನು ಗದರಿದರು.