ಹಡಗಿನ ಗಡಿಯಾರ

ಬೀದಿಯಲ್ಲಿ ಅವನಿಗೆ ಗಂಜಿ ಎಂದೇ ಹೆಸರು. ಅವನ ಅಂಗಿಯ ಕಾಲರ್ ಬಗ್ಗಿದ್ದನ್ನು ಕಂಡವರಿಲ್ಲ. ಮನೆಯಲ್ಲಿ ಸೋಪು ಇಲ್ಲದ ದಿನ ಇತ್ತು, ಕಾಲರಿಗೆ ಹಾಕುವ ಗಂಜಿ ಇಲ್ಲದ ದಿನ ಇರಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಇಸ್ತ್ರಿಪೆಟ್ಟಿಗೆ ಹಿಡಿದವನು, ಮೊದಲ ವಾರವೇ ಬಲಗೈ ಹೆಬ್ಬೆರಳು ಸುಟ್ಟುಕೊಂಡ. ಅಂಗಿಯ ಗುಂಡಿಯಷ್ಟಗಲ ಗುರುತು ಉಳಿಯಿತು. ಆಮೇಲೆ ಇಪ್ಪತ್ತೆರಡು ವರ್ಷ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಒಗೆದ, ಮಡಿಸಿದ. ಒಂದು ದಿನ ಹೋಟೆಲಿನವರು ಒಗೆಯುವ ಕೆಲಸವನ್ನೆಲ್ಲ ಹೊರಗಿನವರಿಗೆ ಕೊಟ್ಟರು. ನೆಲಮಾಳಿಗೆಗೆ ಬೀಗ ಬಿತ್ತು.

ಎಂಟು ತಿಂಗಳು ಮನೆಯಲ್ಲಿ ಕೂತ. ಮನೆ ಅಂದರೆ ಪಂಕ್ಚರ್ ಅಂಗಡಿಯ ಮೇಲೆ, ಮೂರನೇ ಮಹಡಿಯಲ್ಲಿ ಎರಡು ಕೋಣೆ. ಕಿಟಕಿ ತೆಗೆದರೆ ರಬ್ಬರ್ ಅಂಟಿನ ವಾಸನೆ, ಮುಚ್ಚಿದರೆ ಸೆಕೆ. ಒಂದರಲ್ಲಿ ಅವನ ತಾಯಿ. ಇನ್ನೊಂದರಲ್ಲಿ ಅವನು, ಹೆಂಡತಿ, ಹನ್ನೊಂದು ವರ್ಷದ ಮಗಳು. ಸುಮ್ಮನೆ ಕೂರಲಾರದೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದ. ಕಿಟಕಿಯ ಪರದೆಗೆ ವಾರಕ್ಕೆರಡು ಸಲ ಇಸ್ತ್ರಿ.

“ಸಾಕು ಮಾಡ್ರೀ. ಇನ್ನು ಗೋಡೆ ಒಂದು ಬಾಕಿ,” ಅಂದಳು ಹೆಂಡತಿ.

ಆಗ ಸಿಕ್ಕಿದ್ದು ಹಡಗಿನ ಕೆಲಸ. ಸಾವಿರಾರು ಜನ ಮೋಜಿಗೆ ಹೋಗುವ ಪ್ರವಾಸಿ ಹಡಗು, ಅದರ ಹೊಟ್ಟೆಯೊಳಗೆ ಲಾಂಡ್ರಿ. ಒಂಬತ್ತು ತಿಂಗಳ ಕರಾರು. ನಡುವೆ ರಜೆ ಇಲ್ಲ.

“ಒಂಬತ್ತು ತಿಂಗಳಾ?” ಅಂದರು ಅವನ ತಾಯಿ. “ನಿನ್ನ ಹೊತ್ತಿದ್ದೂ ಅಷ್ಟೇ ಕಣೋ. ನಾನು ತಡ್ಕೊಂಡಿಲ್ವಾ? ಹೋಗಿ ಬಾ.”

ಹೋದ. ವಾರಕ್ಕೊಮ್ಮೆ ಹಡಗಿನ ವೈಫೈಯಿಂದ ಫೋನು ಮಾಡುತ್ತಿದ್ದ. ಮಗಳು ಪ್ರತಿಸಲ ಕೇಳುವುದು ಒಂದೇ. “ಸಮುದ್ರ ಹೇಗಿದೆ ಅಪ್ಪಾ?”

“ಯಾರಿಗೆ ಗೊತ್ತು ಕಂದಾ. ನಾನಿರೋದು ನೀರಿಗಿಂತ ಕೆಳಗೆ. ಕಿಟಕೀನೇ ಇಲ್ಲ. ಟವೆಲ್ಲು ಬರುತ್ತೆ, ಟವೆಲ್ಲು ಹೋಗುತ್ತೆ.”

ಊಟ, ನಿದ್ದೆ, ಪಾಳಿ ಎಲ್ಲ ಗೋಡೆಯ ಗಡಿಯಾರ ಹೇಳಿದಂತೆ. ಹೊರಗೆ ಹಗಲೋ ರಾತ್ರಿಯೋ ಅವನಿಗೆ ಬೇಕಾಗಿರಲಿಲ್ಲ. ಮಾತಿನ ನಡುವೆ ಕೆಮ್ಮುತ್ತಿದ್ದ. ಬಟ್ಟೆಯ ಧೂಳು, ಇಲ್ಲಿ ಎಲ್ಲರಿಗೂ ಇದೆ, ಅನ್ನುತ್ತಿದ್ದ.

ಇತ್ತ ಮನೆಯಲ್ಲಿ ಸಕ್ಕರೆ ಕಾಯಿಲೆ ಅವನ ತಾಯಿಯ ಕಣ್ಣು ತಿಂದು ಮುಗಿಸಿತು. ಅವನು ಹೋಗುವಾಗ ಬಾಗಿಲು ಯಾವುದು, ಮನುಷ್ಯ ಯಾವುದು ಅನ್ನುವಷ್ಟಾದರೂ ಕಾಣುತ್ತಿತ್ತು. ನಾಲ್ಕನೇ ತಿಂಗಳಿಗೆ ಅದೂ ಹೋಯಿತು. ಮೂತ್ರಪಿಂಡವೂ ಸೋಲುತ್ತಿದೆ ಅಂದರು ಡಾಕ್ಟರು.

“ಅವನಿಗೆ ಹೇಳ್ಬೇಡ,” ಅಂದರು ಅತ್ತೆ ಸೊಸೆಗೆ. “ಅಲ್ಲಿ ಕೂತು ಏನು ಮಾಡ್ತಾನೆ? ಹಡಗು ತಿರುಗಿಸ್ತಾನಾ?”

ಅವಳು ಹೇಳಲಿಲ್ಲ. ಅಮ್ಮ ಹೇಗಿದಾಳೆ ಅಂದರೆ, ಚೆನ್ನಾಗಿದಾರೆ, ನನ್ನ ತಪ್ಪುಗಳೆಲ್ಲ ಕಾಣ್ಸುತ್ತೆ ಅವರಿಗೆ, ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಆಮೇಲೆ ಕೆಮ್ಮುತ್ತಿದ್ದ.

ಏಳನೇ ತಿಂಗಳಲ್ಲಿ ಸುದ್ದಿ ಬಂತು. ಹಡಗಿನ ದಾರಿ ಬದಲಾಗಿದೆ. ನಮ್ಮ ದೇಶದ ಬಂದರಿನಲ್ಲೂ ಒಂದು ಹಗಲು ನಿಲ್ಲುತ್ತದೆ. ಹಡಗು ನಿಂತಾಗಲೂ ಕೆಲಸದವರಲ್ಲಿ ಒಂದಷ್ಟು ಜನ ಒಳಗೇ ಇರಬೇಕು, ಆ ದಿನ ಅವನ ಸರದಿ. ಅದನ್ನು ಜೊತೆಯವನಿಗೆ ಕೊಟ್ಟು, ಬದಲಿಗೆ ಅವನ ಎರಡು ಸರದಿ ತಾನು ಹೊತ್ತುಕೊಂಡ. ಮೆಸೇಜು ಮಾಡಿದ: ಹನ್ನೆರಡರಿಂದ ಎರಡೂವರೆ ತನಕ ಬಂದರಿನ ಗೇಟಿನ ಹೊರಗೆ ಇರ್ತೀನಿ. ಅಮ್ಮನ್ನ ಕರ್ಕೊಂಡು ಬಾ.

ಅವಳು ಅದನ್ನು ಅತ್ತೆಗೆ ಮೂರು ಸಲ ಓದಿ ಹೇಳಿದಳು.

“ಒಂಬತ್ತು ಗಂಟೆ ದಾರಿ ಅತ್ತೆ. ಆಗುತ್ತಾ ನಿಮಗೆ?”

“ನನ್ನ ಎರಡು ಕೈ ಅವನ ಮುಖದ ಮೇಲೆ ಇಟ್ರೆ ಸಾಕು. ಎರಡು ನಿಮಿಷ. ಆಮೇಲೆ ಮೂತ್ರಪಿಂಡ ಏನಾದ್ರೂ ಮಾಡ್ಕೊಳ್ಳಲಿ.” ಮತ್ತೆ ಅಂದರು: “ಮುದ್ದು ಮಾಡ್ದಂಗೆ ಮುಖ ಹಿಡ್ಕೊಂಡೇ ಇರ್ತೀನಿ. ಕಣ್ಣಿಲ್ಲ ಅಂತ ಅವನಿಗೆ ಗೊತ್ತಾಗಲ್ಲ.”

ಪಂಕ್ಚರ್ ಅಂಗಡಿಗೆ ಬರುತ್ತಿದ್ದ ಒಬ್ಬ ವ್ಯಾನಿನವನನ್ನು ಗೊತ್ತು ಮಾಡಿದರು. ಬೆಳಗಿನ ಜಾವ ನಾಲ್ಕಕ್ಕೆ ಹೊರಟರು. ಅತ್ತೆಯ ಮಾತ್ರೆ ಡಬ್ಬಿ, ಬಿಸಿನೀರಿನ ಫ್ಲಾಸ್ಕು, ಒಂದು ದಿಂಬು, ಮಗಳ ಹೊಸ ಫ್ರಾಕು. ಊರು ದಾಟುವುದಕ್ಕೇ ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ಗುಡ್ಡದ ದಾರಿ. ಮುಂದೆ ಸಿಮೆಂಟಿನ ಲಾರಿಗಳು, ಹಿಂದೆ ಸಿಮೆಂಟಿನ ಲಾರಿಗಳು.

“ಏನಪ್ಪಾ, ನಿನ್ನ ಗಾಡಿ ಓಡ್ತಿದೆಯೋ ನಡೀತಿದೆಯೋ?” ಅಂದರು ಅತ್ತೆ.

“ಕಣ್ಣಿದ್ದೋರಿಗೆ ಓಡೋದು ಕಾಣುತ್ತೆ ಅಜ್ಜೀ,” ಅಂದು ಡ್ರೈವರ್ ನಾಲಿಗೆ ಕಚ್ಚಿಕೊಂಡ.

ಅತ್ತೆ ಗಟ್ಟಿಯಾಗಿ ನಕ್ಕರು. “ಹೆದರ್ಬೇಡ, ನಿನ್ನ ಮುಖ ನೋಡೋ ಕಷ್ಟ ತಪ್ಪಿತು ನನಗೆ.” ಆ ದಿನ ಅವರು ಎಲ್ಲದಕ್ಕೂ ನಗುತ್ತಿದ್ದರು.

ಗುಡ್ಡ ಇಳಿದಾಗ ಹನ್ನೆರಡೂವರೆ. ಇನ್ನು ಇಪ್ಪತ್ತೈದು ನಿಮಿಷದ ದಾರಿ ಅಂದ ಡ್ರೈವರ್. ದಾರಿ ಬದಿಯಲ್ಲಿ ಒಂದು ಪೆಟ್ರೋಲ್ ಬಂಕ್ ಕಂಡಿತು.

“ಇಲ್ಲಿ ನೀರು ಸಿಗುತ್ತಾ?” ಅಂದರು ಅತ್ತೆ. “ಇಷ್ಟು ಹೊತ್ತು ಧೂಳು ತಿಂದ ಮುಖ ತೋರಿಸ್ಲಾ ಅವನಿಗೆ? ಅವನು ನನ್ನ ನೋಡ್ತಾನಲ್ಲ. ನನಗೆ ಕಾಣದಿದ್ರೂ ಅವನಿಗೆ ಕಾಣುತ್ತಲ್ಲ.”

ಡ್ರೈವರ್ ಅವಳ ಕಡೆ ನೋಡಿದ. ಅವಳು ಗಡಿಯಾರ ನೋಡಿದಳು. ಹನ್ನೆರಡು ನಲವತ್ತು. ಎರಡೂವರೆಗೆ ಇನ್ನೂ ಸುಮಾರು ಎರಡು ಗಂಟೆ.

“ಟೈಮಿದೆ ಅಣ್ಣಾ, ನಿಲ್ಸು,” ಅಂದಳು.

ಅವಳೇ ಅಂದದ್ದು.

ಬಂಕಿನ ಹಿಂದಿನ ನಲ್ಲಿಯಲ್ಲಿ ಅತ್ತೆಯ ಮುಖ, ಕೈಕಾಲು ತೊಳೆಸಿದಳು. ತಲೆ ಬಾಚಿದಳು. ಅತ್ತೆಗೆ ಬೈತಲೆ ಸರಿಬರಲಿಲ್ಲ, ಬೆರಳಿನಲ್ಲಿ ಮುಟ್ಟಿ ನೋಡಿ ಮತ್ತೆ ಬಾಚಿಸಿಕೊಂಡರು. ಮಗಳು ಹೊಸ ಫ್ರಾಕು ಹಾಕಿಕೊಂಡಳು. ಡ್ರೈವರ್ ಟೀ ಕುಡಿದ. ಗುಡ್ಡದಲ್ಲಿ ಸತ್ತಿದ್ದ ಸಿಗ್ನಲ್ ಅಲ್ಲಿ ಬಂತು, ಫೋನಿನಲ್ಲಿ ಗೊತ್ತಿಲ್ಲದ ನಂಬರಿನಿಂದ ಮೂರು ಕರೆ ಬಂದುಹೋದ ಗುರುತು.

“ಯಾರಮ್ಮಾ ಇದು?” ಅಂದಳು ಮಗಳು.

“ಯಾರೋ ಸಾಲ ಬೇಕಾ ಅಂತ ಕೇಳೋರು. ಬಿಡು.”

ಹೊರಟಾಗ ಒಂದೂ ಕಾಲು. ಗೇಟು ಮುಟ್ಟಿದಾಗ ಒಂದೂವರೆ. ಕಬ್ಬಿಣದ ದೊಡ್ಡ ಗೇಟು, ಅದರಾಚೆ ಉದ್ದದ ರಸ್ತೆ, ರಸ್ತೆಯ ಕೊನೆಗೆ ಹತ್ತು ಮಹಡಿ ಕಟ್ಟಡ ಮಲಗಿಸಿದಂತೆ ಬಿಳಿ ಹಡಗು. ಒಂದು ನೀಲಿ ಬಸ್ಸು ಆ ಕಡೆಗೆ ಹೋಗುತ್ತಿತ್ತು. ಗೇಟಿನ ಹೊರಗೆ ಯಾರೂ ಇರಲಿಲ್ಲ.

ಕಾವಲುಗಾರ ಅವಳನ್ನು, ಅತ್ತೆಯನ್ನು, ಮಗುವನ್ನು ನೋಡಿದ.

“ಲಾಂಡ್ರಿಯವನ ಮನೆಯವರಾ?” ಅಂದ. “ಅಯ್ಯೋ, ಅವನು ಇಷ್ಟು ಹೊತ್ತು ಇಲ್ಲೇ ನಿಂತಿದ್ದ ಕಣಮ್ಮಾ. ನನ್ನ ಫೋನಿಂದ ಮೂರು ಸಲ ಮಾಡ್ದ, ಹತ್ತಲಿಲ್ಲ. ಆ ಹೋಗ್ತಿದೆಯಲ್ಲ, ಅದೇ ಕೊನೇ ಬಸ್ಸು.”

“ಎರಡೂವರೆ ತನಕ ಇರ್ತೀನಿ ಅಂದಿದ್ರು! ಈಗ ಒಂದೂವರೆ!”

“ನಮಗೆ ಒಂದೂವರೆ. ಹಡಗಲ್ಲಿ ಎರಡೂವರೆ. ಎಂಟು ಗಂಟೆ ನಿಲ್ಲೋಕೆ ಅವರು ಗಡಿಯಾರ ತಿರುಗಿಸಲ್ಲಮ್ಮಾ. ಅವರ ಟೈಮು ನಮಗಿಂತ ಒಂದು ಗಂಟೆ ಮುಂದೆ.”

ಅವಳು ಗೇಟಿನ ಸರಳು ಹಿಡಿದು ನಿಂತಳು. ಏಳು ತಿಂಗಳು ಅವನು ಆ ಗೋಡೆಯ ಗಡಿಯಾರದಲ್ಲೇ ಬದುಕಿದ್ದ. ಬೇರೆ ಗಡಿಯಾರ ಒಂದಿದೆ ಅನ್ನುವುದೇ ಮರೆತುಹೋಗಿತ್ತು. ಬಂಕಿನಲ್ಲಿ ನಿಲ್ಲದಿದ್ದರೆ ಮೂವತ್ತೈದು ನಿಮಿಷ ಸಿಗುತ್ತಿತ್ತು. ಅತ್ತೆ ಕೇಳಿದ್ದು ಎರಡು.

“ಒಳಗೆ ಬಿಡಿ ಅಣ್ಣಾ, ಕಾಲು ಹಿಡೀತೀನಿ.”

“ನನ್ನ ಕೈಲಿ ಇಲ್ಲಮ್ಮಾ.” ಅವನು ಬೇರೆ ಕಡೆ ನೋಡಿದ. “ಹೊರಗಿಂದ ಬಲಕ್ಕೆ ಹೋಗಿ. ಸಮುದ್ರದೊಳಗೆ ಕಲ್ಲಿನ ಕಟ್ಟೆ ಇದೆ. ಹಡಗು ಅದರ ಪಕ್ಕದಲ್ಲೇ ಹೋಗುತ್ತೆ.”

ಅತ್ತೆ ವ್ಯಾನಿನಲ್ಲಿ ಕೈ ಕಟ್ಟಿಕೊಂಡು ಕೂತೇ ಇದ್ದರು. ಎಲ್ಲ ಕೇಳಿಸಿತ್ತು. “ಬಂಕಲ್ಲಿ ನಿಲ್ಸಿ ಅಂದಿದ್ದು ನಾನು,” ಅಂದರು, ಅಷ್ಟೇ.

ಡ್ರೈವರ್ ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಕಟ್ಟೆಯ ಮೇಲೆ ನಡೆದ. ಯಾರೂ ಕೇಳಿರಲಿಲ್ಲ ಅವನನ್ನು. ಅಷ್ಟರಲ್ಲಿ ಹಡಗಿನ ವೈಫೈಯಿಂದ ಮೆಸೇಜು ಬಂತು. ಎಲ್ಲಿದೀರ? ಕಟ್ಟೆ ಮೇಲೆ, ಎಂದು ಮಗಳು ಬರೆದಳು. ಅವನ ಉತ್ತರ ಬಂತು: ಹಿಂಭಾಗದಲ್ಲಿ, ಕೆಳಗೆ, ಹಗ್ಗ ಎಳೆಯೋ ಕಿಂಡಿ ನೋಡಿ. ಅಮ್ಮನಿಗೆ ಕಾಣಲಿ ಅಂತ ದೊಡ್ಡ ಶೀಟು ತರ್ತೀನಿ.

ಮಗಳು ಅದನ್ನು ಗಟ್ಟಿಯಾಗಿ ಓದಿದಳು. ಅತ್ತೆ ತುಟಿ ಬಿಗಿಹಿಡಿದರು.

ಮೂರು ಗಂಟೆಗೆ ಹಡಗು ಕದಲಿತು. ಮೇಲಿನ ಮಹಡಿಗಳಲ್ಲಿ ಹಾಡು, ಲೋಟ ಹಿಡಿದ ಜನ. ಕೆಳಗೆ, ನೀರಿಗೆ ಹತ್ತಿರದ ಕಿಂಡಿಯಲ್ಲಿ ಅವನು ನಿಂತಿದ್ದ. ಮೊದಲು ಅವಳಿಗೆ ಗುರುತೇ ಸಿಗಲಿಲ್ಲ. ಶೀಟಿನ ಎರಡು ಮೂಲೆ ಹಿಡಿದು ಒಂದೇ ಸಲ ಚಟ್ಟೆಂದು ಒದರಿದ, ಆಗ ಗೊತ್ತಾಯಿತು. ಅಂಗಿಯ ಕಾಲರ್ ಸೆಟೆದು ನಿಂತಿತ್ತು. ಅದರೊಳಗೆ ಕುತ್ತಿಗೆ ಬಕೆಟ್ಟಿನಲ್ಲಿ ಇಟ್ಟ ಕೋಲಿನ ಹಾಗಿತ್ತು. ಕೆನ್ನೆ ಒಳಗೆ ಹೋಗಿತ್ತು. ಮತ್ತೆ ಶೀಟು ಒದರಿದ. ಮತ್ತೆ. ನಡುವೆ ಒಮ್ಮೆ ಬಗ್ಗಿ ನಿಂತ. ಕೆಮ್ಮುತ್ತಿದ್ದಾನೆ ಎಂದು ಅಷ್ಟು ದೂರಕ್ಕೂ ತಿಳಿಯಿತು.

ಅತ್ತೆ ಕೈ ಬೀಸುತ್ತಿದ್ದರು, ಹಡಗಿಲ್ಲದ ಕಡೆಗೆ. ಅವಳು ಅವರ ಭುಜ ಹಿಡಿದು ತಿರುಗಿಸಿದಳು.

“ಕಾಣ್ತಿದಾನಾ?”

“ಹ್ಞೂಂ ಅತ್ತೆ.”

“ಹೇಗಿದಾನೆ? ಸರಿಯಾಗಿ ಹೇಳು.”

“ದಪ್ಪ ಆಗಿದಾರೆ ಅತ್ತೆ. ಮುಖ ತುಂಬ್ಕೊಂಡಿದೆ.”

ಮಗಳು ತಾಯಿಯ ಮುಖ ನೋಡಿದಳು. ಮಗನಿಗೆ ತಾಯಿಯ ಕಣ್ಣಿನ ಸುಳ್ಳು, ತಾಯಿಗೆ ಮಗನ ಮೈಯ ಸುಳ್ಳು. ಎರಡೂ ಸೊಸೆಯ ತಲೆಗೇ ಬಿದ್ದವು.

ಒಂಬತ್ತು ಗಂಟೆ ವಾಪಸ್ ದಾರಿಯುದ್ದಕ್ಕೂ ಅತ್ತೆಗೆ ಅದೇ ಮಾತು. “ದಪ್ಪ ಆಗಿದಾನಂತೆ. ನನ್ನ ಅಡುಗೆಗೆ ಸೊಪ್ಪು ಹಾಕ್ದೋನಲ್ಲ, ಹಡಗಿನ ಅಡುಗೆ ಹಿಡಿಸ್ತು ನೋಡು.” ಮನೆಗೆ ಬಂದ ಮೇಲೆ ಪಂಕ್ಚರ್ ಅಂಗಡಿಯವನಿಗೂ ಹೇಳಿದರು. ಅವಳು ಗಂಡನಿಗೆ ಬರೆದಳು: ಡಾಕ್ಟರಿಗೆ ತೋರಿಸಿಕೊಳ್ಳಿ. ತೋರಿಸಿದೆ, ಮಾತ್ರೆ ಕೊಟ್ಟಿದ್ದಾರೆ, ಎಂದು ಬಂತು. ಅಮ್ಮನಿಗೆ ಶೀಟು ಕಾಣಿಸ್ತಾ? ಕಾಣಿಸ್ತು, ಎಂದು ಬರೆದಳು.

ಕರಾರು ಮುಗಿಯಲು ಹದಿನಾರು ದಿನ ಇತ್ತು. ಪಾಳಿಯ ನಡುವೆ, ಎರಡು ಮೆಷಿನ್ನುಗಳ ಸಂದಿಯಲ್ಲಿ, ಒಗೆದ ಟವೆಲ್ಲಿನ ರಾಶಿಯ ಮೇಲೆ ಕೂತವನು ಏಳಲಿಲ್ಲ. ಟವೆಲ್ಲು ಇನ್ನೂ ಬಿಸಿ ಇದ್ದವಂತೆ. ಅದಕ್ಕೆ ಜೊತೆಯವರಿಗೆ ಬೇಗ ಗೊತ್ತಾಗಲಿಲ್ಲವಂತೆ.

ಕಂಪನಿಯ ಹೆಂಗಸು ಫೋನು ಮಾಡಿದಳು. ಹಡಗು ಅದೇ ಬಂದರಿಗೆ ಬರುತ್ತದೆ, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಮನೆಯವರು ಬರಬೇಕು ಅಂದಳು. ಸಮಾಧಾನದ ಮಾತೂ ಹೇಳಿದಳು. ಅವನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ.

“ಯಾರ ಗಡಿಯಾರದ ಒಂಬತ್ತು?”

ಆ ಹೆಂಗಸಿಗೆ ಅರ್ಥವಾಗಲಿಲ್ಲ.

ಹಿಂದಿನ ದಿನವೇ ಹೊರಟರು. ಅದೇ ವ್ಯಾನು, ಅದೇ ಡ್ರೈವರ್. ಅವಳು ಕಾಲರಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಬಂಕಿನ ಹತ್ತಿರ ಡ್ರೈವರ್ ನಿಧಾನ ಮಾಡಿದ.

“ಹೋಗು,” ಅಂದರು ಅತ್ತೆ. ಕಣ್ಣಿಲ್ಲದಿದ್ದರೂ ಜಾಗ ಗೊತ್ತಾಗಿತ್ತು.

ರಾತ್ರಿ ಬಂದರಿನ ಹತ್ತಿರ ವ್ಯಾನಿನಲ್ಲೇ ಕಳೆದರು. ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲಿ ನಿಂತರು. ಅದೇ ಕಾವಲುಗಾರ. ತಾನು ಕೂರುವ ಸ್ಟೂಲು ಎತ್ತಿಕೊಂಡು ಮುಂದೆ ನಡೆದ. ಸರಕಿನ ಶೆಡ್ಡು, ತಗಡಿನ ಮಾಡು, ಮೂಲೆಯಲ್ಲಿ ಹಣ್ಣಿನ ಖಾಲಿ ಡಬ್ಬಗಳು. ನಡುವೆ ಒಂದು ಪೆಟ್ಟಿಗೆ. ಬೆಳಗಿನ ಜಾವವೇ ಇಳಿಸಿದ್ದರು.

“ಸಹಿಗೆ ಕಾಗದ ತರೋರು ಬರೋದು ನಮ್ಮ ಒಂಬತ್ತಕ್ಕೆ,” ಅಂದ ಕಾವಲುಗಾರ. “ಇನ್ನೂ ಒಂದು ಗಂಟೆ ಇದೆ.” ಪೆಟ್ಟಿಗೆಯ ಮುಚ್ಚಳ ಸರಿಸಿ, ಸ್ಟೂಲು ಪಕ್ಕಕ್ಕಿಟ್ಟು, ಹೊರಗೆ ಹೋಗಿ ನಿಂತ.

ಅತ್ತೆ ಕೂತರು. ಎರಡು ಕೈಯನ್ನೂ ಮಗನ ಮುಖದ ಮೇಲೆ ಇಟ್ಟರು. ಹಣೆ, ಕಣ್ಣು, ಮೂಗು. ಕೆನ್ನೆಗೆ ಬಂದಾಗ ಕೈ ನಿಂತಿತು. ಕುತ್ತಿಗೆ ಮುಟ್ಟಿದರು, ಎದೆಯ ಮೂಳೆ ಮುಟ್ಟಿದರು. ಬಲಗೈ ಹುಡುಕಿ ಹೆಬ್ಬೆರಳು ಸವರಿದರು. ಗುಂಡಿಯಷ್ಟಗಲದ ಗುರುತು ಸಿಕ್ಕಿತು.

“ಇವನೇ,” ಅಂದರು. ಆಮೇಲೆ, “ದಪ್ಪ ಆಗಿದಾನೆ ಅಂದಿದ್ದೆ ನೀನು.”

“ಇಲ್ಲ ಅತ್ತೆ. ಅವತ್ತೂ ಹೀಗೇ ಇದ್ರು.”

ಅತ್ತೆ ಬೈಯುತ್ತಾರೆ ಅಂದುಕೊಂಡಳು ಸೊಸೆ. ಬೈಯಲಿ ಎಂದೇ ಕಾಯುತ್ತಿದ್ದಳು. ಅತ್ತೆಯ ಬೆರಳು ಮಗನ ಕಾಲರಿಗೆ ಹೋಯಿತು. ಯಾರೋ ತೊಡಿಸಿದ ಹಡಗಿನ ಅಂಗಿ ಅದು, ಒದ್ದೆ ಬಟ್ಟೆಯ ಹಾಗೆ ಮಡಚಿ ಬಿದ್ದಿತ್ತು.

“ಗಂಜಿ ಹಾಕಿಲ್ಲ ಕಣೇ ಇದಕ್ಕೆ.”

“ತಂದಿದೀನಿ ಅತ್ತೆ.”

“ಹಾಗಾದ್ರೆ ಬಾ, ಹಿಡ್ಕೋ. ಹೊತ್ತಿದೆಯಲ್ಲ.”

ಮಗಳು ಅಪ್ಪನ ತಲೆ ಎತ್ತಿ ಹಿಡಿದಳು. ಅತ್ತೆ ಒಂದು ತೋಳು, ಸೊಸೆ ಒಂದು ತೋಳು. ಹಡಗಿನ ಐಸ್ ಕೋಣೆಯಲ್ಲಿದ್ದ ಮೈ ಸೆಟೆದಿತ್ತು, ತಡವಾಯಿತು. ಒಂಬತ್ತಕ್ಕೆ ಕಾಗದದವರು ಬಂದಾಗ ಅತ್ತೆ ಕೊನೆಯ ಗುಂಡಿ ಹಾಕುತ್ತಿದ್ದರು.