ಇನ್ನೊಂದು ಚೆಂಬು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ನಮ್ಮ ಪಕ್ಕದ ಮನೆಯ ಮಹಾಲಕ್ಷ್ಮಿ. ಮೈಸೂರಿನವಳು. ಪರದೇಶದ ಈ ಸುಬಾಂಗ್ ಜಯಾಕ್ಕೆ ಬಂದು ಇಪ್ಪತ್ತೈದು ವರ್ಷ ದಾಟಿದರೂ ಒಂದು ದಿನವೂ ಷವರಿನ ಕೆಳಗೆ ನಿಂತವಳಲ್ಲ. ‘ಅದು ಸ್ನಾನ ಅಲ್ಲ ಕ್ರಿಸ್ಟಿನಾ, ಗಿಡಕ್ಕೆ ನೀರು ಹಾಕೋದು’ ಎನ್ನುತ್ತಿದ್ದಳು. ಮಂಗಳೂರಿನ ಬೆವರಿನಲ್ಲೇ ಬೆಳೆದ ನನಗೆ ಬಿಸಿನೀರಿನ ಹುಚ್ಚು ಈ ಸೆಕೆಯ ದೇಶಕ್ಕೆ ಬಂದ ವಾರವೇ ಬಿಟ್ಟಿತ್ತು. ಅದನ್ನು ಹೇಳಿದರೆ ಅವಳು ಮಾತು ಬಿಡುತ್ತಾಳೆ, ಹಾಗಾಗಿ ಹೇಳುವುದನ್ನೇ ಬಿಟ್ಟೆ.

ನಮ್ಮದು ಸಾಲುಮನೆಗಳು. ಅವಳ ಬಚ್ಚಲಿಗೂ ನನ್ನ ಅಡುಗೆಮನೆಗೂ ಒಂದೇ ಗೋಡೆ. ಅವಳ ಗಂಡ ತ್ರಿವಿಕ್ರಮ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿ ನಿವೃತ್ತರಾದವರು. ಶನಿವಾರ ಬಂದರೆ ಅವರಿಗೆ ಎಣ್ಣೆಸ್ನಾನ. ಬ್ರಿಕ್‌ಫೀಲ್ಡ್ಸ್‌ನ ತಮಿಳರ ಅಂಗಡಿಯಿಂದ ತಂದ ನಲ್ಲೆಣ್ಣೆಯನ್ನು, ಅಂದರೆ ಎಳ್ಳೆಣ್ಣೆಯನ್ನು, ನೆತ್ತಿಗೆ ತಟ್ಟಿ, ಹೊಗೆಯಾಡುವ ನೀರನ್ನು ಬಕೆಟ್ಟಿನಿಂದ ಮೊಗೆದು ಸುರಿಯುವವಳು ಮಹಾಲಕ್ಷ್ಮಿಯೇ. ಅವಳು ‘ಸಾಕಾ?’ ಎನ್ನುವಳು. ಅವರು ‘ಇನ್ನೊಂದು ಚೆಂಬು’ ಎನ್ನುವರು. ಬಕೆಟ್ ಬರಿದಾಗುವವರೆಗೂ ಇದೇ ರಾಗ. ಮೀನು ಹುರಿಯುತ್ತಾ ಕೇಳಿಸಿಕೊಂಡು, ಈ ಮುದುಕನ ಸೊಕ್ಕು ನೋಡು ಎಂದು ನಾನು ನನ್ನ ಗಂಡ ರೆಮಿಜಿಯಸ್ ಹತ್ತಿರ ನಗಾಡುತ್ತಿದ್ದೆ.

ಕೊರೋನಾ ಬಂದ ವರ್ಷವೇ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಸೋತವು, ಮಾತು ಪೂರ್ತಿ ನಿಂತಿತು. ಹೆಂಡತಿಯ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಆದರೆ ಸ್ಟೂಲಿನ ಮೇಲೆ ಕೂರಿಸಿ ಬಿಸಿನೀರು ಸುರಿದು ‘ಸಾಕಾ?’ ಎಂದರೆ, ಗೋಡೆಯಾಚೆಯಿಂದ ತೊದಲು ದನಿಯೊಂದು ಬರುತ್ತಿತ್ತು. ‘ಇನ್ನೊಂದು.’ ದಿನವಿಡೀ ಆ ಮನೆಯಲ್ಲಿ ಅವರ ಬಾಯಿಂದ ಬರುತ್ತಿದ್ದದ್ದು ಅದೊಂದೇ. ಅದನ್ನು ಕೇಳುವ ಆಸೆಗೆ ಮಹಾಲಕ್ಷ್ಮಿ ಶನಿವಾರದ ಸ್ನಾನವನ್ನು ದಿನಾ ಮಾಡಿಸತೊಡಗಿದಳು. ನಾನೂ ಆ ಹೊತ್ತಿಗೆ ಒಲೆ ಸಣ್ಣ ಮಾಡಿ ಕಿವಿಗೊಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಎರಡನೇ ವರ್ಷದ ಮೇ ತಿಂಗಳಲ್ಲಿ ಅವರ ನೀರು ಕಾಯಿಸುವ ಟ್ಯಾಂಕು ತುಕ್ಕು ಹಿಡಿದು ಒಡೆಯಿತು. ಅದು ಛಾವಣಿಯೊಳಗೆ ಕೂತಿದ್ದ ಹಳೆಯ ಟ್ಯಾಂಕು. ಅದನ್ನು ಕೂರಿಸಿದ್ದ ಕುಮರನ್ ಎಂಬವನು ಊರಿಗೆಂದು ತೈಪಿಂಗ್‌ಗೆ ಹೋದವನು ಅಲ್ಲೇ ಸಿಕ್ಕಿಕೊಂಡಿದ್ದ. ಲಾಕ್‌ಡೌನ್ ಇದ್ದುದರಿಂದ ರಾಜ್ಯದ ಗಡಿ ದಾಟುವ ಹಾಗಿಲ್ಲ. ಬೇರೆಯವರಿಗೆ ಫೋನು ಮಾಡಿದರೆ, ಛಾವಣಿಯೊಳಗೆ ಎಂದ ಕೂಡಲೇ ಬೇಡಪ್ಪಾ ಎನ್ನುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂದಂತೆ, ರಿಪೇರಿಯವರು ಓಡಾಡಬಹುದಿತ್ತು, ಟ್ಯಾಂಕು ಮಾರುವ ಅಂಗಡಿಗಳಿಗೇ ಬೀಗ.

ಕೊನೆಗೆ ರೆಮಿಜಿಯಸ್ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿ ಒಬ್ಬನನ್ನು ಹುಡುಕಿದ. ಅವನು ಬಂದವನೇ ಷವರಿನ ಪಕ್ಕ ಗೋಡೆಗೆ ತನ್ನಲ್ಲಿದ್ದ ಸಣ್ಣ ಬಿಳಿ ಡಬ್ಬಿಯೊಂದನ್ನು, ಹರಿಯುವ ನೀರನ್ನಷ್ಟೇ ಕಾಯಿಸುವ ಹೀಟರನ್ನು, ಹೊಡೆದ. ‘ಬಕೆಟ್ಟಿಗೆ ಬಿಸಿ ಬರುತ್ತಾ?’ ಎಂದು ಮಹಾಲಕ್ಷ್ಮಿ ಕೇಳಿದಳಂತೆ. ‘ಆಂಟಿ, ಬಕೆಟ್ ಯಾಕೆ? ಎವ್ರಿಬಡಿ ಷವರ್ ಲಾ’ ಎಂದು ಇಲ್ಲಿನವರ ಹಾಗೆ ಕೊನೆಗೊಂದು ‘ಲಾ’ ಎಳೆದು ಹೇಳಿ ಅವನು ಹೋದ.

ಈ ಊರಿನವರಿಗೆ ಅದು ಸರಿಯೇ. ತೆಳ್ಳಗೆ ಬೀಳುವ ನೀರಿನ ಕೆಳಗೆ ನಿಂತವರಿಗೆ ಬೆಚ್ಚಗಾದರೆ ಸಾಕು. ಆದರೆ ಬಕೆಟ್ ತುಂಬುವಷ್ಟರಲ್ಲಿ ಆ ನೀರು ಉಗುರು ಬೆಚ್ಚಗೂ ಉಳಿಯುತ್ತಿರಲಿಲ್ಲ. ಮರುದಿನ ಗೋಡೆಯಾಚೆ ‘ಸಾಕಾ?’ ಎಂಬುದು ಕೇಳಿಸಿತು. ಉತ್ತರ ಬರಲಿಲ್ಲ. ಮತ್ತೆ ಕೇಳಿದಳು. ನೀರು ಬೀಳುವ ಸದ್ದಷ್ಟೇ ಬಂತು.

ಅವಳು ಸುಮ್ಮನೆ ಕೂರುವವಳೇ? ಗ್ಯಾಸಿನ ಮೇಲೆ ದೊಡ್ಡ ಪಾತ್ರೆ ಇಟ್ಟು ಕಾಯಿಸಿ ಹೊತ್ತಳು. ನಾವು ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿರಲಿಲ್ಲ. ಹೊರಗಿನ ಗೇಟಿನಿಂದ ನಾನು ಬೈದೆ, ‘ಎಂತ ಮಾರಾಯ್ತಿ, ಇಬ್ಬರೂ ಮಲಗಿದರೆ ನೋಡುವವರು ಯಾರು?’ ಅವಳು ಕೇಳಲಿಲ್ಲ. ಒಂದು ಬೆಳಿಗ್ಗೆ ಪಾತ್ರೆ ಜಾರಿ ಪಾದ ಬೆಂದಿತು. ಮೆಲಾಕಾದಲ್ಲಿ ಡಾಕ್ಟರಾಗಿರುವ ಮಗಳು ಅನನ್ಯ ಕೊರೋನಾ ವಾರ್ಡಿನಿಂದಲೇ ಫೋನಿನಲ್ಲಿ ಗದರಿದಳು. ‘ಅಮ್ಮಾ, ಜಸ್ಟ್ ಸ್ಪಂಜ್ ಹಿಮ್ ಲಾ. ನೋ ಮೋರ್ ಬಾಯ್ಲಿಂಗ್.’

‘ಸ್ಪಂಜ್ ಅಂತೆ. ಅವರು ಬಾಯಿ ಬಿಡೋದು ಆ ನೀರಿಗೆ. ಅದೂ ಹೋದ್ರೆ ನಾನು ಯಾರ ಜೊತೆ ಇರ್ಲಿ ಹೇಳು’ ಎಂದು ಮಹಾಲಕ್ಷ್ಮಿ ಗೇಟಿನ ಆಚೆ ನಿಂತು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಾದ ಸುಟ್ಟ ಮೇಲೆ ಆ ಡಬ್ಬಿಯ ನೀರೇ ಗತಿಯಾಯಿತು. ತಿಂಗಳುಗಟ್ಟಲೆ ಅದೇ ನೀರು, ಅದೇ ಪ್ರಶ್ನೆ. ಕುಮರನಿಗೆ ವಾರಕ್ಕೊಮ್ಮೆಯಾದರೂ ಫೋನು ಮಾಡುತ್ತಿದ್ದಳು. ಅವನೂ ಪಾಪ, ಬೇಸರವಿಲ್ಲದೆ ‘ಬಾರ್ಡರ್ ಓಪನ್ ಆದ ದಿನ ಬರ್ತೀನಿ ಅಕ್ಕಾ’ ಎನ್ನುತ್ತಿದ್ದನಂತೆ.

ಅಕ್ಟೋಬರಿನಲ್ಲಿ ಗಡಿ ತೆರೆಯಿತು, ಅವನು ಮಾತು ಉಳಿಸಿಕೊಂಡ. ಹೊಸ ಟ್ಯಾಂಕು ತಂದು ಛಾವಣಿ ಹತ್ತಿ ಕೂರಿಸಿದ. ನೀರು ಕಾಯುವಷ್ಟು ಹೊತ್ತು ಮಹಾಲಕ್ಷ್ಮಿ ಗಂಡನ ತಲೆಗೆ ಎಣ್ಣೆ ತಟ್ಟುತ್ತಿದ್ದ ಸದ್ದು ನನಗೆ ಕೇಳಿಸುತ್ತಿತ್ತು. ರೆಮಿಜಿಯಸ್‌ಗೆ ಟಿವಿ ಆರಿಸಲು ಹೇಳಿ, ನಾನೂ ಗ್ಯಾಸು ಆರಿಸಿ ಗೋಡೆಯ ಹತ್ತಿರ ನಿಂತೆ.

ನೀರು ಬಿತ್ತು. ಮರುಕ್ಷಣ ಚೆಂಬು ನೆಲಕ್ಕೆ ಬಿದ್ದು ಉರುಳಿತು.

ಆಮೇಲೆ ಅವಳೇ ಹೇಳಿದಳು. ತಿಂಗಳುಗಟ್ಟಲೆ ಬಿಸಿ ಕಾಣದ ತಲೆಗೆ ಬಿಸಿನೀರು ಬಿದ್ದದ್ದೇ ಅವರು ಬೆಚ್ಚಿ, ಎಡಗೈಯಿಂದ ಚೆಂಬನ್ನು ತಳ್ಳಿ, ಮಕ್ಕಳ ಹಾಗೆ ತಲೆ ಬಗ್ಗಿಸಿ ಕೂತರಂತೆ. ತಣ್ಣೀರು ಬೆರೆಸಿ ನೋಡಿದಳು. ಮಾರನೇ ದಿನ, ಅದರ ಮಾರನೇ ದಿನವೂ ನೋಡಿದಳು. ಬಕೆಟ್ ಕಂಡರೇ ಅವರು ನಡುಗತೊಡಗಿದರು. ಮಾತಂತೂ ಬರಲೇ ಇಲ್ಲ.

ಕೆಲವು ದಿನ ಬಿಟ್ಟು ಅವಳು ಆ ಟ್ಯಾಂಕಿನ ಸ್ವಿಚ್ಚು ಆರಿಸಿದಳು. ನನಗೆ ತಡೆಯಲಾಗಲಿಲ್ಲ. ‘ಇಷ್ಟು ಒದ್ದಾಡಿ ಹಾಕಿಸಿದ್ದೀಯ, ನೀನಾದರೂ ಮೀಯಬಹುದಲ್ಲ?’ ಎಂದೆ.

‘ಕೇಳೋರೇ ಇಲ್ದೆ ಯಾರಿಗೆ ಕಾಯಿಸ್ಲಿ ಕ್ರಿಸ್ಟಿನಾ?’ ಎಂದಳು.

ಈಗ ಬೆಳಿಗ್ಗೆ ಗೋಡೆಯಾಚೆ ಒದ್ದೆ ಬಟ್ಟೆ ಹಿಂಡುವ ಸದ್ದು ಬರುತ್ತದೆ, ಮಗಳು ಹೇಳಿಕೊಟ್ಟ ಹಾಗೆ ಒರೆಸುತ್ತಾಳೆ. ‘ಸಾಕಾ’ ಎಂದು ಅವಳೂ ಕೇಳುವುದಿಲ್ಲ.