ಆಪರ್ಚ್ಯೂನಿಟಿಗೆ ಎರಡು ಹೆಜ್ಜೆ ಹಿಂದೆ

ಶಾಲೆಯವರು ಫೋನಿನಲ್ಲಿ ಹೇಳಿದ್ದು ಇಷ್ಟೇ: ಸೋಮವಾರ ರಾಯಚೂರಿಗೆ ಬಂದು ಏಳನೇ ತರಗತಿಗೆ ಒಂದು ಇಂಗ್ಲಿಷ್ ಪಾಠ ಮಾಡಿ ತೋರಿಸಬೇಕು. ವಿರೋಧ ಮತ್ತು ಅವಕಾಶಕ್ಕೆ ಸಂಬಂಧಪಟ್ಟ ನಾಲ್ಕಾರು ಪದ, ಅವುಗಳ ಅರ್ಥ, ಉಚ್ಚಾರಣೆ. "ಉಚ್ಚಾರಣೆ ಕಡೆ ಗಮನ ಇರಲಿ ಮೇಡಂ," ಎಂದು ಕೊನೆಗೊಂದು ಮಾತು ಸೇರಿಸಿದರು. ಅಲ್ಲಿಗೆ ನನ್ನ ನಿದ್ದೆ ಹೋಯಿತು.

ಅದಕ್ಕೂ ಮುಂಚೆ ಕೆಲಸ ಕೇಳಿಕೊಂಡು ಎರಡು ಶಾಲೆಗಳಿಗೆ ಹೋಗಿ ಬರಿಗೈಯಲ್ಲಿ ತಿರುಗಿ ಬಂದಿದ್ದೆ. ಅವ್ವ ಹೇಳಿಯಾಗಿತ್ತು: "ಇದೊಂದು ನೋಡವ್ವಾ. ಆಗ್ಲಿಲ್ಲಂದ್ರ ಸುಮ್ಮನ ವರ ನೋಡಾಕ ಚಾಲೂ ಮಾಡ್ತೀವಿ."

ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಅರ್ಥಕ್ಕೆ ಹೆದರಿಕೆಯಿರಲಿಲ್ಲ. ಆಪಝಿಟ್ ಎಂದರೆ ಎದುರುಬದುರು, ಅಪೋನೆಂಟ್ ಎಂದರೆ ಎದುರಾಳಿ, ಆಪರ್ಚ್ಯೂನಿಟಿ ಎಂದರೆ ಅವಕಾಶ. ಕಷ್ಟವಿದ್ದದ್ದು ದನಿಯ ಭಾರದಲ್ಲಿ. ನಮ್ಮ ಮಾತಿನಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ಕಡೆ ಜೋರು ಬಿದ್ದು, ಉಳಿದವು ಹಗುರಾಗಿ ದಾಟಬೇಕು. ಮೊಬೈಲಿನಲ್ಲಿ ಕೇಳಿ ಕೇಳಿ ನನ್ನ ಕಿವಿಯೇ ಮಂಕಾಗಿತ್ತು.

ಮಾನ್ವಿ ಬಳಿಯ ಬಾಗಲವಾಡದ ನಮ್ಮ ಮನೆಯಂಗಳದಲ್ಲಿ ಅಜ್ಜ ಟಗರಿಗೆ ಸೊಪ್ಪು ಹಾಕುತ್ತಿದ್ದ. ಕುರಿ ಕಾದೇ ಮುದುಕನಾದವನು. ನನಗೆ ಮಾತು ಕಲಿಸಿದವನೂ ಅವನೇ.

"ಏನವ್ವಾ, ಮುಂಜಾನಿಂದ ಗುಣುಗುಣು ಅನ್ನಾಕತ್ತೀ? ಯಾರಿಗರೆ ಮಾಟ ಮಾಡಾಕತ್ತೀ ಏನು?"

"ಅಪೋನೆಂಟ್ ಅಂತ ಯಜ್ಜಾ. ಎದುರಾಳಿ."

"ಹಂಗಂದ್ರ ಟಗರಿಗೆ ಟಗರು."

"ಹೂಂ. ಅದ್ರಾಗ ಒಂದು ಅಕ್ಷರಕ್ಕ ಗುದ್ದಬೇಕಂತ. ನಾ ಹೆದ್ರಿ ಎಲ್ಲಾಕ್ಕೂ ಗುದ್ದಾಕತ್ತೀನಿ."

ಅಜ್ಜ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. "ಹೆಜ್ಜಿಗೊಂದು ಗುದ್ದಿದ್ರ ಟಗರಿನ ತಲಿ ಉಳೀತದೇನು? ಹಿಂದ ಸರೀಬೇಕು, ಆಮ್ಯಾಲ ಒಂದ ಏಟು."

ಅಂಗಳದಲ್ಲೇ ನಿಂತು ಹೇಳಿ ನೋಡಿದೆ. ಆಪಝಿಟ್: ಗುದ್ದಬೇಕಾದವನು ಎದುರಿಗೇ ಇದ್ದಾನೆ, ಹಿಂದೆ ಸರಿಯುವಂತಿಲ್ಲ, ಮೊದಲ 'ಆ'ಗೇ ಗುದ್ದು. ಅಪೋನೆಂಟ್: ಒಂದು ಹೆಜ್ಜೆ ಹಿಂದೆ, 'ಪೋ'ಗೆ ಗುದ್ದು. ಆಪರ್ಚ್ಯೂನಿಟಿ: ಎರಡು ಹೆಜ್ಜೆ ಹಿಂದೆ, 'ಚ್ಯೂ'ಗೆ. ಟಗರು ಮೇವು ಬಿಟ್ಟು ನನ್ನನ್ನೇ ನೋಡಿತು.

"ಆ ಕಡೀದಕ್ಕ ಏನಂತಾರ?"

"ಅವಕಾಶ, ಯಜ್ಜಾ."

"ಅಂದ್ರ ಹೊಲದ ಹದ. ಹದ ಬಂದಾಗ ಹರಗಬೇಕು, ಬೆದಿ ಬಂದಾಗ ಬಿತ್ತಬೇಕು. ಹೊಲ ನಿನ್ನ ಸಲುವಾಗಿ ಕಾಯಂಗಿಲ್ಲ ನೋಡು."

ಧೈರ್ಯಕ್ಕೆಂದು ಹೇಳಿದನೋ ಏನೋ, ನಾನು ಮತ್ತೆ ಮೊದಲ ಪದದಿಂದ ಶುರು ಮಾಡಿದೆ.

ಸೋಮವಾರ ಶಾಲೆಯ ಪಡಸಾಲೆಯಲ್ಲಿ ಕುಳಿತಾಗ ಎದುರು ಬೆಂಚಿನಲ್ಲಿ ಇನ್ನೊಬ್ಬಳಿದ್ದಳು. ಗಂಜಿ ಹಾಕಿದ ಸೀರೆ, ಕಿವಿಯಲ್ಲಿ ಇಯರ್‌ಫೋನ್. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕೆಲಸ.

"ದೇವದುರ್ಗದಿಂದ ಬಂದೀನ್ರೀ. ನೀವು?"

"ಮಾನ್ವಿ ಕಡಿ."

"ಇಂಗ್ಲಿಷ್ ಮೀಡಿಯಮ್ಮೇನ್ರೀ?"

"ಇಲ್ರೀ, ಕನ್ನಡ."

"ಹೌದಾ," ಎಂದವಳ ಮುಖ ಸಡಿಲಾಯಿತು. ನನ್ನದು ಇನ್ನಷ್ಟು ಬಿಗಿಯಾಯಿತು. ಮೊದಲು ಅವಳನ್ನು ಕರೆದರು. ಒಳಗಿನಿಂದ ಕೇಳಿಬಂದ ಅವಳ ಪಾಠ ರೇಡಿಯೊದವರು ಓದಿದಂತಿತ್ತು. ಮಕ್ಕಳ ಸದ್ದೇ ಇರಲಿಲ್ಲ.

ನನ್ನ ಸರದಿ ಬಂತು. ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕುಳಿತಿದ್ದರು. ಮೊದಲೆರಡು ಪದ ಹೇಗೋ ದಾಟಿದವು. ಆಪರ್ಚ್ಯೂನಿಟಿ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳ ಕಡೆ ತಿರುಗಿದೆ. ದನಿ ಎಲ್ಲಿ ಬೀಳಬೇಕೆಂಬುದೇ ಮರೆತುಹೋಯಿತು. ಬಾಯಿಗೆ ಬಾರದ್ದು ಕಾಲಿಗೆ ಬಂತು. ಒಂದು ಹೆಜ್ಜೆ ಹಿಂದೆ ಸರಿದೆ, ಇನ್ನೊಂದು ಹೆಜ್ಜೆ ಸರಿದೆ, ತಲೆ ಬಗ್ಗಿಸಿ 'ಚ್ಯೂ' ಎಂದು ಮುಂದಕ್ಕೆ ಗುದ್ದಿದೆ.

ಮೂಲೆಯಿಂದ ಒಬ್ಬಳು ಕೂಗಿದಳು: "ಏಯ್, ಟಗರು ಟೀಚರ್!"

ಮುಗಿಯಿತು. ಬೆಂಚು ಬೆಂಚೇ ಎದ್ದು ನಿಂತಿತು. ಹಿಂದೆ ಸರಿಯುವವರು, ಚ್ಯೂ ಎಂದು ಪಕ್ಕದವರ ಹೆಗಲಿಗೆ ಗುದ್ದುವವರು. "ಸುಮ್ಮನಿರ್ರಿ, ಸುಮ್ಮನಿರ್ರಿ," ಎಂಬ ನನ್ನ ದನಿ ನನಗೇ ಕೇಳಿಸಲಿಲ್ಲ. ಮುಖ್ಯೋಪಾಧ್ಯಾಯಿನಿ ಪೆನ್ನಿನಿಂದ ಬೆಂಚು ಕುಟ್ಟಿ, "ಆಯ್ತು, ಸಾಕು. ಫೋನ್ ಮಾಡ್ತೀವಿ," ಎಂದರು. ಆ ಮಾತು ನನಗೆ ಹೊಸದಲ್ಲ. ಎರಡು ಸಲ ಕೇಳಿದ್ದೆ. ಫೋನು ಬಂದಿರಲಿಲ್ಲ.

ಹೊರಗೆ ದೇವದುರ್ಗದವಳು, "ಪಾಪ, ಹುಡುಗ್ರು ನಕ್ಕುಬಿಟ್ರಲ್ರೀ," ಎಂದಳು. ಕನಿಕರವೋ ಖುಷಿಯೋ ಈಗಲೂ ಗೊತ್ತಿಲ್ಲ.

ಸಂಜೆ ಅಜ್ಜ ಕೇಳಿದ: "ಗುದ್ದಿದೇನವ್ವಾ?"

"ಗುದ್ದಿದೆ ಯಜ್ಜಾ. ನನ್ನ ತಲೀನ ಒಡದಂಗ ಆಗೇದ."

"ಟಗರಿಗೂ ಹಂಗ ಅನಸ್ತದ," ಎಂದ.

ಆ ವಾರವೆಲ್ಲ ಮೊಬೈಲನ್ನು ಸೆರಗಿನಲ್ಲೇ ಕಟ್ಟಿಕೊಂಡು ತಿರುಗಿದೆ. ಅದು ಸದ್ದು ಮಾಡಿದಾಗಲೆಲ್ಲ ಗಂಟು ಬಿಚ್ಚಿ ನೋಡುತ್ತಿದ್ದೆ. ಒಮ್ಮೆ ರೀಚಾರ್ಜಿನವರು, ಇನ್ನೊಮ್ಮೆ ಯಾರದೋ ರಾಂಗ್ ನಂಬರು. ಅವ್ವ ಆಗಲೇ ಯಾರೊಂದಿಗೋ ವರನ ವಿಚಾರ ತೆಗೆದಿದ್ದಳು.

ಕಡೆಗೆ ಆ ಫೋನು ಬಂದಾಗ ನಾನು ಕುರಿಹಟ್ಟಿಯಲ್ಲಿದ್ದೆ.

"ಮೇಡಂ, ಆ ಏಳನೇ ತರಗತಿ ಹುಡುಗ್ರು ಇನ್ನೂ ಗುದ್ದಾಡೋದು ಬಿಟ್ಟಿಲ್ಲ," ಎಂದರು ಮುಖ್ಯೋಪಾಧ್ಯಾಯಿನಿ. "ಆದ್ರ ಆ ಪದ ಕೇಳಿದ್ರ ಒಬ್ಬರೂ ತಪ್ಪು ಹೇಳಂಗಿಲ್ಲ. ನೀವ ಹಚ್ಚಿದ್ದು, ನೀವ ಬಂದು ನಿಲ್ಲಸ್ರಿ. ನಾಳಿಂದ ಬರ್ರಿ."

ಅಜ್ಜನಿಗೆ ಹೇಳಿದೆ. ಅವ್ವನಿಗೂ ಹೇಳಿದೆ. ನಗುತ್ತಲೇ ಮತ್ತೆ ಮೊಬೈಲಿನಲ್ಲಿ ಉಚ್ಚಾರಣೆ ಕೇಳಲು ಕುಳಿತೆ. ನಾಳೆ ಯಾವ ಪದವೋ ಏನೋ.